ಬಾಲ್ಕನಿಯ ಹೆಜ್ಜೇನು, ಭಾನುವಾರದ ಮೀಟಿಂಗು

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಜೇನುನೊಣಗಳ ನಡವಳಿಕೆಯ ಮೇಲೆ ಕೆಲಸ ಮಾಡುತ್ತೇನೆ. ವಾರವಿಡೀ ವಿಡಿಯೋ ಹಾಕಿಕೊಂಡು, ಯಾವ ನೊಣ ಯಾವ ಕಡೆ ತಿರುಗಿ ಎಷ್ಟು ಹೊತ್ತು ಕುಣಿಯಿತು ಅಂತ ಬರೆದುಕೊಳ್ಳುವುದೇ ಕೆಲಸ. ರಜೆ ದಿನ ನಾವು ಕೆಲವರು ಸೇರಿ, ಹೆಜ್ಜೇನು ಕಟ್ಟಿರುವ ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ಅಲ್ಲಿನವರ ಜೊತೆ ಮಾತಾಡುತ್ತೇವೆ. ದುಡ್ಡಿಲ್ಲ, ಇದರಿಂದ ಸಂಶೋಧನಾ ಪೇಪರೂ ಆಗಲ್ಲ. ಈಗ ಕಪ್ಪೆ, ಹಾವು, ಬೀದಿನಾಯಿ ಮೇಲೆ ಕೆಲಸ ಮಾಡುವ ಗೆಳೆಯರೂ ಹೀಗೆ ಹೊರಡುತ್ತಿದ್ದಾರೆ, ಏನು ಮಾತಾಡಬೇಕು ಅಂತ ಕೇಳುತ್ತಾರೆ. ಅವರಿಗಾಗಿ ಇದು.

ಪ್ರಾಣಿ ಎಷ್ಟು ಮುಖ್ಯ ಅನ್ನುವುದನ್ನು ಆಮೇಲೆ ಹೇಳಿ. ಅದು ಮುಂದೆ ಏನು ಮಾಡುತ್ತೆ ಅನ್ನುವುದನ್ನು ಮೊದಲು ಹೇಳಿ.

ನಮ್ಮ ಗುಂಪಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಪರಾಗಸ್ಪರ್ಶದಿಂದ ಶುರು ಮಾಡುತ್ತಾರೆ. ಸೂರ್ಯಕಾಂತಿ, ಕುಂಬಳ, ಕಾಡು, ರೈತ. ಎಲ್ಲ ನಿಜವೇ. ಆದರೆ ಎದುರು ಕೂತವರಿಗೆ ಆರನೇ ಮಹಡಿಯ ಸಜ್ಜಾದ ಕೆಳಗೆ ಗೂಡು ಕಾಣಿಸುತ್ತಿದೆ, ಸಂಜೆ ಲೈಟ್ ಹಾಕಿದರೆ ಹುಳು ಒಳಗೆ ನುಗ್ಗುತ್ತಿದೆ, ಪೆಸ್ಟ್ ಕಂಟ್ರೋಲ್‌ನವರು ಇವತ್ತು ರಾತ್ರಿಯೇ ಬಂದು ಔಷಧಿ ಹೊಡೀತೀವಿ ಅಂದಿದ್ದಾರೆ. ಒಂದು ಮೀಟಿಂಗಿನಲ್ಲಿ ಮುಂದೆ ಕೂತಿದ್ದ ಅಜ್ಜಿ, "ಅದೆಲ್ಲ ಇರಲಿ ಕಣಮ್ಮಾ, ಕಚ್ಚುತ್ತೋ ಇಲ್ವೋ ಮೊದಲು ಹೇಳು" ಅಂದರು. ನ್ಯಾಯವಾದ ಪ್ರಶ್ನೆ. ಉತ್ತರ ಇರುವುದೂ ನಮ್ಮ ಹತ್ತಿರವೇ ಅಲ್ವಾ? ನಾವು ದಿನಾ ನೋಡುವುದೇ ಅದು ಯಾವಾಗ ಏನು ಮಾಡುತ್ತೆ ಅನ್ನುವುದನ್ನು.

ಹಾಗಾಗಿ ಪ್ರೊಜೆಕ್ಟರ್ ಆರಿಸಿ ಎಲ್ಲರನ್ನೂ ಎದುರಿನ ಬ್ಲಾಕಿನ ಕಾರಿಡಾರ್‌ಗೆ ಕರೆದುಕೊಂಡು ಹೋಗುವುದು ನಮ್ಮ ಪದ್ಧತಿ. ಕೈಗೆ ಬೈನಾಕ್ಯುಲರ್. ಹೆಜ್ಜೇನಿನದು ಒಂದೇ ಎರಿ, ಬಯಲಲ್ಲೇ ನೇತಾಡುತ್ತಿರುತ್ತದೆ, ಮೇಣ ಒಂದಿಷ್ಟೂ ಕಾಣದ ಹಾಗೆ ನೊಣಗಳು ಪದರ ಪದರವಾಗಿ ಅದರ ಮೇಲೆ ಕೂತಿರುತ್ತವೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಿಂಚಿನಂಥ ಅಲೆಯೊಂದು ಹರಿದುಹೋಗುತ್ತದೆ. "ಅಗೋ, ಸಿಟ್ಟು ಬಂತು!" ಅಂತ ಯಾರಾದರೂ ಹಿಂದೆ ಸರಿಯುತ್ತಾರೆ.

ಅಲ್ಲಿಂದ ನನ್ನ ಮಾತು ಶುರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಜನ ಸಾಲಾಗಿ ಎದ್ದು ಕೂರುವ ಹಾಗೆ, ನೊಣಗಳು ಒಂದರ ಹಿಂದೆ ಒಂದು ಹೊಟ್ಟೆಯನ್ನು ಮೇಲಕ್ಕೆತ್ತಿ ಇಳಿಸುತ್ತವೆ. ಕೂತ ಜಾಗ ಬಿಟ್ಟು ಏಳುವುದಿಲ್ಲ. ಇದನ್ನು ಕಂಡರೆ ಬೇಟೆಗೆ ಬಂದ ಕಡಜ ಗೂಡಿನಿಂದ ದೂರ ಸರಿಯುತ್ತದೆ ಅಂತ 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಿರುವನಂತಪುರದ ವಿಜ್ಞಾನ ಸಂಶೋಧನಾ ಸಂಸ್ಥೆ ಐಸರ್‌ನವರು ಇನ್ನೂ ಚೆಂದದ ಪ್ರಯೋಗ ಮಾಡಿದರು, 2022ರಲ್ಲಿ ಬಂತು. ಗೂಡಿನ ಎದುರು ರಟ್ಟಿನ ಬಿಲ್ಲೆಗಳನ್ನು ಆಡಿಸಿ ನೋಡಿದರು. ಬೆಳಕಿನ ಹಿನ್ನೆಲೆಯ ಮುಂದೆ ಕಪ್ಪು ಬಿಲ್ಲೆ ಚಲಿಸಿದರೆ ಅಲೆ ಏಳುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ತಿಳಿ ಬಣ್ಣದ ಬಿಲ್ಲೆ ಆಡಿಸಿದರೆ ಇಲ್ಲ. ಬೆಳ್ಳಗಿನ ಆಕಾಶದಲ್ಲಿ ಕಡಜವೋ ಹಕ್ಕಿಯೋ ಕಪ್ಪಗೇ ತಾನೇ ಕಾಣುವುದು? ಇದನ್ನು ಕೇಳಿದ ಆ ಅಜ್ಜಿ, "ಹಾಗಾದ್ರೆ ಬಾಲ್ಕನೀಲಿ ನಿಂತು ಕಪ್ಪು ಛತ್ರಿ ಬಿಚ್ಚಬಾರದು ಅನ್ನು" ಅಂದರು. ಛತ್ರಿ ಹಿಡಿದು ಯಾರಾದರೂ ಪ್ರಯೋಗ ಮಾಡಿದ್ದನ್ನು ನಾನು ಓದಿಲ್ಲ, ಆದರೆ ಅವರ ತರ್ಕ ನಮ್ಮ ಎಷ್ಟೋ ವಿದ್ಯಾರ್ಥಿಗಳಿಗಿಂತ ಚುರುಕಾಗಿತ್ತು. ಅಲೆ ಅಂದರೆ ದಾಳಿ ಅಲ್ಲ, ಎಚ್ಚರಿಕೆ, ನೊಣ ಇನ್ನೂ ಗೂಡಿನ ಮೇಲೇ ಇದೆ ಅನ್ನುವುದು ತಲೆಗೆ ಹೋದರೆ ಅರ್ಧ ಭಯ ಇಳಿಯುತ್ತದೆ.

ಉಳಿದ ಪ್ರಶ್ನೆಗಳೂ ಹೀಗೆಯೇ. ರಾತ್ರಿ ಯಾಕೆ ಮನೆಯೊಳಗೆ ಬರುತ್ತವೆ? ಹೆಜ್ಜೇನು ಬೆಳದಿಂಗಳಲ್ಲೂ ಹಾರಬಲ್ಲ ನೊಣ, ಅರ್ಧ ಚಂದ್ರನಷ್ಟು ಬೆಳಕಿದ್ದರೂ ಮೇವಿಗೆ ಹೋಗುತ್ತದೆ. ನಿಮ್ಮ ಟ್ಯೂಬ್‌ಲೈಟಿಗೆ ಬರುವುದರಲ್ಲಿ ಆಶ್ಚರ್ಯ ಇಲ್ಲ, ಪರದೆ ಎಳೆಯಿರಿ, ಬಾಲ್ಕನಿ ಲೈಟ್ ಆರಿಸಿ. ಎಷ್ಟು ದಿನ ಇರುತ್ತವೆ? ಹೂವು ಮುಗಿದರೆ ಇಡೀ ಗೂಡು ಎದ್ದು ವಲಸೆ ಹೋಗುತ್ತದೆ, ಆದರೆ ತಾರೀಖು ಕೊಡಬೇಡಿ. ಕೊಟ್ಟರೆ ಮಾರನೇ ದಿನವೇ ಫೋನ್ ಬರುತ್ತದೆ. ಮುಂದಿನ ವರ್ಷ ಬರ್ತಾವಾ? ಬರಬಹುದು. ವಲಸೆ ಹೋದ ಹೆಜ್ಜೇನುಗಳು ಹಳೆಯ ಜಾಗಕ್ಕೇ ವಾಪಸ್ ಬರುತ್ತವೆ ಅಂತ ಅಸ್ಸಾಮಿನಲ್ಲಿ ವಂಶವಾಹಿ ಪರೀಕ್ಷೆ ಮಾಡಿ ತೋರಿಸಿದ್ದು 2000ರಲ್ಲಿ. ಇದನ್ನು ಮುಚ್ಚಿಟ್ಟರೆ ಈ ಸಲ ಎಲ್ಲರೂ ಖುಷಿಯಾಗಿ ತಲೆಯಾಡಿಸುತ್ತಾರೆ, ಮುಂದಿನ ಸಲ ನಿಮ್ಮನ್ನು ಗೇಟಿನೊಳಗೇ ಬಿಡುವುದಿಲ್ಲ.

ಇನ್ನೊಂದು ವಿಷಯ. ಮೀಟಿಂಗಿಗೆ ಬರುವವರು ಫ್ಲ್ಯಾಟ್ ಮಾಲೀಕರು. ಕಚ್ಚಿಸಿಕೊಳ್ಳುವವರು ಜಾಸ್ತಿ ಯಾರು? ಗೇಟಿನ ಸೆಕ್ಯುರಿಟಿ, ಕಸ ಗುಡಿಸುವವರು, ಮಾಲಿ. ಅವರು ಬಾಗಿಲ ಹತ್ತಿರ ನಿಂತು ಇಂಗ್ಲಿಷ್ ಸ್ಲೈಡ್ ನೋಡಿ ಹೋಗುತ್ತಾರೆ ಅಷ್ಟೇ. ಈಗ ನಾವು ಅರ್ಧ ಗಂಟೆ ಮುಂಚೆ ಹೋಗಿ ಮೊದಲು ಅವರ ಜೊತೆ ಕೂರುತ್ತೇವೆ, ಕನ್ನಡದಲ್ಲಿ, ಇಲ್ಲದಿದ್ದರೆ ಬಂದಷ್ಟು ಹಿಂದಿಯಲ್ಲಿ. ಒಂದು ನೊಣ ಚುಚ್ಚಿದರೆ ಕೊಂಡಿಯ ಜೊತೆ ಬಾಳೆಹಣ್ಣಿನಂಥ ಒಂದು ವಾಸನೆ ಅಲ್ಲೇ ಉಳಿಯುತ್ತದೆ, ಅದು ಬೇರೆ ನೊಣಗಳನ್ನು ಕರೆಯುವ ವಾಸನೆ. ಅದಕ್ಕೇ ಅಲ್ಲಿ ನಿಂತು ಕೈ ಬೀಸಬಾರದು, ನೊಣವನ್ನು ಜಜ್ಜಬಾರದು. ಮುಖ ಮುಚ್ಚಿಕೊಂಡು ಬಾಗಿಲಿರುವ ಜಾಗಕ್ಕೆ ಓಡಬೇಕು, ಒಳಗೆ ಹೋದಕೂಡಲೇ ಉಗುರಿನಿಂದ ಕೊಂಡಿ ಕೆರೆದು ತೆಗೆಯಬೇಕು. ಇದನ್ನು ಹೇಳುವಾಗ ಮಾಲಿಯೊಬ್ಬರು ಊರಲ್ಲಿ ಜೇನು ಕೀಳುತ್ತಿದ್ದ ಕಥೆ ತೆಗೆದರು. ಕತ್ತಲ ರಾತ್ರಿ ನೋಡಿಯೇ ಮರ ಹತ್ತುತ್ತಿದ್ದರಂತೆ. ಬೆಳದಿಂಗಳಲ್ಲಿ ನೊಣ ಹಾರುತ್ತೆ ಅಂತ ನಾನು ಅವರಿಗೆ ಹೇಳಬೇಕಾಗಿಯೇ ಬರಲಿಲ್ಲ. ಆಮೇಲೆ ಮೀಟಿಂಗಿನಲ್ಲಿ ಆ ಭಾಗವನ್ನು ಅವರ ಕೈಯಲ್ಲೇ ಹೇಳಿಸಿದೆ. ಕಾರ್ಯದರ್ಶಿಗಳಿಗೆ ಸ್ವಲ್ಪ ಇರಿಸುಮುರಿಸು ಆಯಿತು, ಇರಲಿ.

ಎಲ್ಲರೂ ಒಪ್ಪುತ್ತಾರೆ ಅಂತಲ್ಲ. ಕೆಲವು ಕಡೆ ಚಪ್ಪಾಳೆ ತಟ್ಟಿ ಕಳಿಸಿ ರಾತ್ರಿ ಔಷಧಿ ಹೊಡೆಸಿದ್ದೂ ಇದೆ. ಇನ್ನು ಕೆಲವು ಕಡೆ ತೆಗೆಸಿ ಅಂತ ನಾವೇ ಹೇಳಿದ್ದೇವೆ. ಗೂಡಿನ ಪಕ್ಕದ ಮನೆಯಲ್ಲೇ ಜೇನು ಕಚ್ಚಿದರೆ ಉಸಿರುಕಟ್ಟುವಂಥ ಅಲರ್ಜಿ ಇರುವ ಹುಡುಗ ಇದ್ದರೆ ಯಾವ ಬೈನಾಕ್ಯುಲರ್ ತೋರಿಸಿ ಏನು ಮಾಡುವುದು? ಅಂಥ ಕಡೆಗಾಗಿ, ಕೊಲ್ಲದೆ ಹೊಗೆ ಹಾಕಿ ಏಳಿಸುವ ನುರಿತವರ ನಂಬರ್ ಫೋನಿನಲ್ಲಿ ಇಟ್ಟುಕೊಂಡಿರುತ್ತೇವೆ. ಅವರು ಬರುವವರೆಗೆ ಆ ಬಾಲ್ಕನಿಯ ಬಾಗಿಲು ಹಾಕಿರಲಿ ಅಂತ ಹೇಳಿ ಬರುತ್ತೇವೆ.