ಗಂಟು ಬಿಚ್ಚದ ಆ ರಾತ್ರಿ

ರಾತ್ರಿ ಎರಡರ ಹೊತ್ತಿಗೆ ಹಸುಗಳು ಒಂದೇ ಸಮ ಕೂಗತೊಡಗಿದವು. ಎದ್ದು ನೋಡಿದರೆ ಕೊಟ್ಟಿಗೆಯಲ್ಲಿ ಮೊಣಕಾಲುದ್ದ ನೀರು. ಹೊಳೆ ಏರುತ್ತಿದೆ ಅಂತ ಸಂಜೆಯೇ ಗೊತ್ತಿತ್ತು, ಬೆಳಿಗ್ಗೆ ನೋಡೋಣ ಅಂತ ಮಲಗಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಆರು ಹಸು, ಒಂದು ಕರು, ಪಕ್ಕದ ಲಾಯದಲ್ಲಿ ಒಂದು ಹೆಣ್ಣು ಕುದುರೆ. ಮೊದಲ ಹಸುವಿನ ಕಣ್ಣಿ ಬಿಚ್ಚಲು ಹೋದೆ, ಗಂಟು ಅಲ್ಲಾಡಲಿಲ್ಲ. ನೂಲಿನ ಹಗ್ಗ ನೆನೆದರೆ ಗಂಟು ಕಲ್ಲಾಗುತ್ತದೆ, ಅದರ ಮೇಲೆ ಹೆದರಿದ ಹಸು ಹಿಂದಕ್ಕೆ ಜಗ್ಗಿ ಜಗ್ಗಿ ಇನ್ನಷ್ಟು ಬಿಗಿ ಮಾಡಿತ್ತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಒದ್ದಾಡಿದೆ. ಚಾಕು ಅಡುಗೆಮನೆಯಲ್ಲಿ. ಓಡಿ ಹೋಗಿ ತರುವಷ್ಟರಲ್ಲಿ ನೀರು ತೊಡೆಗೆ ಬಂದಿತ್ತು, ಕರು ಕತ್ತು ಮೇಲೆತ್ತಿ ಮೂಗಿನಲ್ಲಿ ಬುಸುಗುಡುತ್ತಿತ್ತು. ಅದರ ಹಗ್ಗವನ್ನೇ ಮೊದಲು ಕೊಯ್ದೆ.

ಬಿಟ್ಟರೂ ಹಸುಗಳು ಕತ್ತಲಿಗೆ ಕಾಲಿಡಲಿಲ್ಲ. ಆಗ ದಿನಾ ಮೇಯಲು ಮುಂದೆ ಹೋಗುವ ಹಳೇ ಹಸುವನ್ನು ಹಿಡಿದು ಹೊರಗೆ ನಡೆಸಿದೆ. ಉಳಿದವು ಸುಮ್ನೆ ಅದರ ಹಿಂದೆ ಬಂದವು!

ಕುದುರೆಯದ್ದು ಬೇರೆ ಕಥೆ. ಅವಳನ್ನು ಸಾಗಿಸುವ ಗಾಡಿ ಬಾಗಿಲಲ್ಲೇ ನಿಂತಿತ್ತು, ಅವಳು ಹತ್ತಲಿಲ್ಲ. ಗೊರಸಿನ ಕೆಳಗೆ ಗಾಡಿ ಹತ್ತುವ ಹಲಗೆ ಟೊಳ್ಳು ಸದ್ದು ಮಾಡಿದ ಕೂಡಲೇ ಹಿಂದೆ ಹಾರುತ್ತಿದ್ದಳು. ಯಾವತ್ತೂ ಹತ್ತಿಸಿ ಅಭ್ಯಾಸ ಮಾಡಿಸದೆ ಅವತ್ತೇ ಹತ್ತು ಅಂದರೆ ಹೇಗೆ ಹತ್ತುತ್ತಾಳೆ, ಅಲ್ವಾ? ಕೊನೆಗೆ ಹಸುಗಳ ಹಿಂದೆ ಹಿಡಿದು ನಡೆಸಿಕೊಂಡೇ ದಿಬ್ಬಕ್ಕೆ ಹೋದೆ.

ದಿಬ್ಬದ ಮೇಲೆ ಇದ್ದ ಮೂರು ದಿನ ಮೇವಿಗಿಂತ ಜಾಸ್ತಿ ಕಾಡಿದ್ದು ನೀರು. ಸುತ್ತ ಕಣ್ಣು ಹಾಯುವವರೆಗೂ ನೀರೇ, ಒಂದು ಬಕೆಟ್ ಕುಡಿಸುವಂಥದ್ದಿಲ್ಲ. ಪ್ರವಾಹದ ನೀರಿನಲ್ಲಿ ಸಗಣಿ, ಗಂಜಲ, ಸತ್ತ ಪ್ರಾಣಿ ಎಲ್ಲಾ ಸೇರಿರುತ್ತದೆ, ಇಲಿಜ್ವರ ಇಂಥ ನೀರಿನಿಂದಲೂ ಹರಡುತ್ತದೆ. ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ಬೇಕು, ಹಾಲು ಕೊಡುವ ಹಸುವಿಗೆ 60 ಲೀಟರಿಗೂ ಮೇಲೆ. ಅಷ್ಟನ್ನೂ ಕ್ಯಾನಿನಲ್ಲಿ ಹೊತ್ತೆವು.

ಈಗ ನಮ್ಮ ಕೊಟ್ಟಿಗೆಯಲ್ಲಿ ಜಾರುಗಂಟು ಮಾತ್ರ. ತುದಿ ಎಳೆದರೆ ಬಿಚ್ಚಬೇಕು, ಮನೆಯ ಮಕ್ಕಳಿಗೂ ಕಲಿಸಿದ್ದೇನೆ. ಬಾಗಿಲ ಪಕ್ಕ ಎತ್ತರದಲ್ಲಿ ಚಾಕು ಕಟ್ಟಿದ್ದೇನೆ. ಕುದುರೆಯ ನೈಲಾನ್ ಮುಖಪಟ್ಟಿ ತೆಗೆದು ಚರ್ಮದ್ದು ತಂದೆ, ಬೆಂಕಿ ಬಿದ್ದರೆ ನೈಲಾನ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅವಳ ಗೊರಸಿನ ಮೇಲೆ ಫೋನ್ ನಂಬರನ್ನೂ ಬಣ್ಣದಲ್ಲಿ ಬರೆಯುತ್ತೇನೆ. ಕಟ್ಟಿ ಮುಳುಗಿಸುವುದಕ್ಕಿಂತ ಬಿಟ್ಟುಬಿಡುವುದು ಮೇಲು, ಬಿಟ್ಟರೆ ಮತ್ತೆ ಸಿಗಬೇಕಲ್ಲ.

ವಾರಕ್ಕೆರಡು ಸಲ ಗಾಡಿಯೊಳಗೆ ಹುಲ್ಲಿಟ್ಟು ಅವಳನ್ನು ಕರೆಯುತ್ತೇನೆ, ಎಳೆಯುವುದಿಲ್ಲ. ಮೊದಲ ತಿಂಗಳು ಹತ್ತಿರವೂ ಬರಲಿಲ್ಲ. ನಿನ್ನೆ ಸಂಜೆ ಮುಂದಿನ ಎರಡೂ ಕಾಲು ಹಲಗೆಯ ಮೇಲಿಟ್ಟು, ಸದ್ದು ಕೇಳಿ ಒಂದು ಕ್ಷಣ ನಿಂತು, ಕತ್ತು ಚಾಚಿ ಹುಲ್ಲಿಗೆ ಬಾಯಿ ಹಾಕಿದಳು.