ಸೆಪ್ಟ್ರಾನ್ ಅಂದ್ರೆ ಕೈಬಿಟ್ಟಂಗೆ ಅಲ್ವಾ?

18 ನವೆಂಬರ್ 2024, ಸೋಮವಾರ
ದಾವಣಗೆರೆ

ಕನಕ ಜಯಂತಿ ರಜೆ. ಓಪಿಡಿ ಇಲ್ಲದ್ದರಿಂದ ಲ್ಯಾಬ್ ಖಾಲಿ ಖಾಲಿ.

ಐಸಿಯು ಅಜ್ಜಿಯ ಸ್ಯಾಂಪಲ್ಲಿನಿಂದ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನ ಮುಚ್ಚಳ ತೆಗೆದ ಕೂಡಲೇ ಸಣ್ಣಗೆ ಅಮೋನಿಯಾ ವಾಸನೆ ಬಂತು. ಬ್ಲಡ್ ಅಗಾರ್ (ರಕ್ತ ಬೆರೆಸಿದ ಬೆಳೆಸುವ ಮಾಧ್ಯಮ) ಮೇಲೆ ಹಸಿರು-ನೇರಳೆ ಛಾಯೆ. ಸ್ಟೆನೋಟ್ರೋಫೋಮೊನಾಸ್ ಮಾಲ್ಟೋಫಿಲಿಯಾ ಅನ್ನೋ ಬ್ಯಾಕ್ಟೀರಿಯಾ. ಮಷಿನ್ ಕೂಡ ಅದನ್ನೇ ಹೇಳಿತು. ನಮ್ಮ ಹಿರಿಯ ಟೆಕ್ನಿಷಿಯನ್ ಇನ್ನೂ ಅದನ್ನ ಜಾಂಥೋಮೊನಾಸ್ ಅಂತಲೇ ಕರೀತಾರೆ. 1993ರಲ್ಲೇ ಹೆಸರು ಬದಲಾಗಿದೆ, ಅವರು ಒಪ್ಪಿಲ್ಲ.

ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋಕೆ ಪ್ಲೇಟಿನ ಮೇಲೆ ಔಷಧಿ ಬಿಲ್ಲೆಗಳನ್ನ ಇಡ್ತೀವಿ. ಅಜ್ಜಿಗೆ ಕೊಡ್ತಿದ್ದ ದುಬಾರಿ ಆಂಟಿಬಯೋಟಿಕ್ ಮೆರೊಪೆನೆಮ್ ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದಿತ್ತು. ಸೆಪ್ಟ್ರಾನ್ ಬಿಲ್ಲೆಯ ಸುತ್ತ ಮಾತ್ರ ಖಾಲಿ ಜಾಗ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಕೊಲಿಸ್ಟಿನ್ ಸೇರಿಸೋಣವಾ ಮೇಡಂ?" ಅಂದ. ಅದು ಇನ್ನೊಂದು ದೊಡ್ಡ ಆಂಟಿಬಯೋಟಿಕ್. ಬೇಡಪ್ಪಾ ಅಂದೆ. ಕೋಟ್ರೈಮಾಕ್ಸಜೋಲ್ (ಸೆಪ್ಟ್ರಾನ್ ಅಂದ್ರೆ ಇದೇ) ಅಜ್ಜಿಯ ತೂಕ ನೋಡಿ ದೊಡ್ಡ ಡೋಸ್ ಕೊಡಿ, ಜೊತೆಗೆ ಲೀವೋಫ್ಲಾಕ್ಸಾಸಿನ್. ಪೊಟ್ಯಾಸಿಯಂ, ಕ್ರಿಯಾಟಿನಿನ್ ದಿನಾ ನೋಡಿ. ಕತ್ತಿನ ರಕ್ತನಾಳಕ್ಕೆ ಹಾಕಿರೋ ಲೈನ್ ತೆಗೆದುಬಿಡಿ.

ಮಧ್ಯಾಹ್ನ ಅಜ್ಜಿಯ ಮಗ ಲ್ಯಾಬಿನ ಕಿಟಕಿಗೇ ಬಂದ. ಕೈಯಲ್ಲಿ ಔಷಧಿ ಬಿಲ್ಲುಗಳ ಕಂತೆ.

"ಮೇಡಂ, ಅಷ್ಟು ದುಡ್ಡಿನ ಇಂಜೆಕ್ಷನ್ ನಿಲ್ಲಿಸಿ ಸೆಪ್ಟ್ರಾನ್ ಕೊಡ್ತೀವಿ ಅಂತಾರೆ. ಅದು ನಮ್ಮೂರಾಗೂ ಸಿಗ್ತತಲ್ರೀ. ಅವ್ವನ್ನ ಕೈಬಿಟ್ಟಂಗೆ ಅಲ್ವಾ?"

ಮೊಬೈಲಿನಲ್ಲಿ ಪ್ಲೇಟಿನ ಫೋಟೋ ತೋರಿಸಿದೆ. ಇದು ದುಬಾರಿ ಔಷಧಿ, ಇದರ ಮಗ್ಗುಲಲ್ಲೇ ಬೆಳೆದಿದೆ ನೋಡಿ. ಇದು ಅಗ್ಗದ್ದು, ಹತ್ತಿರ ಬರೋಕೆ ಬಿಟ್ಟಿಲ್ಲ. ಫೋಟೋನ ದೊಡ್ಡದು ಮಾಡಿ ಮಾಡಿ ನೋಡಿದ. ನಂಬಿದ ಅಂತ ಕಾಣುತ್ತೆ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅವ್ವ ಹೋದ ವರ್ಷ ಮಾತ್ರೆ ಅರ್ಧಕ್ಕೆ ಬಿಟ್ಟಿದ್ಲು. ಅದಕ್ಕೇ ಹಿಂಗಾತಾ?"

ಇಲ್ಲ ಅಂದೆ. ಈ ಬ್ಯಾಕ್ಟೀರಿಯಾ ಮಣ್ಣು, ನೀರು, ಗಿಡದ ಬೇರಿನಲ್ಲಿ ಇರುವಂಥದ್ದು. ಮೆರೊಪೆನೆಮ್ ಒಡೆಯುವ ಕಿಣ್ವ ಇದಕ್ಕೆ ಹುಟ್ಟಿನಿಂದಲೇ ಇದೆ, ನಮ್ಮಿಂದ ಕಲಿತದ್ದಲ್ಲ. ಗಟ್ಟಿ ಜನರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ. ಆದರೆ ವಾರಗಟ್ಟಲೆ ದೊಡ್ಡ ಇಂಜೆಕ್ಷನ್ ಹೋದಾಗ ಮೈಯಲ್ಲಿರೋ ಬೇರೆ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ, ಇದು ಉಳಿಯುತ್ತೆ. ಟ್ಯೂಬು, ಲೈನು ಸಿಕ್ಕರೆ ಒಳಗೂ ಹೋಗುತ್ತೆ.

"ಮೆಕ್ಕೆಜೋಳಕ್ಕೆ ಕಳೆ ಔಷಧಿ ಹೊಡೆದ್ರೆ ಜೇಕು ಉಳ್ಕೊಂತತಲ್ಲ, ಹಂಗಾ?"

ಹಂಗೇ ಅಂದೆ. ಇಷ್ಟು ಚೆನ್ನಾಗಿ ನಮ್ಮ ಎಂಬಿಬಿಎಸ್ ಹುಡುಗರೂ ಹೇಳಲ್ಲ.

"ಹಂಗಾರೆ ಆ ಇಂಜೆಕ್ಷನ್ ಕೊಟ್ಟಿದ್ದೇ ತಪ್ಪಾತು ಅಲ್ವಾ?"

ಇದಕ್ಕೆ ತಡವರಿಸಿದೆ. ಮೂತ್ರಪಿಂಡದ ಸೋಂಕು ರಕ್ತಕ್ಕೆ ಏರಿ ಬಂದವರು ಅಜ್ಜಿ. ಅವತ್ತು ಕೊಡದಿದ್ದರೆ ಆ ವಾರವೇ ಕಷ್ಟವಿತ್ತು. ಹಾಗಂತ ಇಷ್ಟು ದಿನ ಬೇಕಿತ್ತಾ? ಆ ಸೋಂಕಿನ ಕಲ್ಚರ್ ರಿಪೋರ್ಟ್ ಕೊಟ್ಟವಳು ನಾನೇ. ಅದರಲ್ಲಿ ಇನ್ನೂ ಸಣ್ಣ ಔಷಧಿಗೂ ಬಗ್ಗುತ್ತೆ ಅಂತ ಇತ್ತು. ಆದರೆ ಐಸಿಯುನಲ್ಲಿ ಶುರುವಾದ ಮೆರೊಪೆನೆಮ್ ನಿಲ್ಲಿಸೋಕೆ ಯಾರಿಗೂ ಧೈರ್ಯ ಬರಲ್ಲ. ಇದನ್ನ ಅವನ ಮುಂದೆ ಹೇಳಲಿಲ್ಲ. "ಆಗ ಅದು ಬೇಕಿತ್ತು" ಅಂದೆ, ಅಷ್ಟೇ.

ಸಂಜೆ ಮಂಡಕ್ಕಿ ಮಿರ್ಚಿ. ಹೊಟ್ಟೆ ಉರಿ.

ವಿಶ್ವ ಆರೋಗ್ಯ ಸಂಸ್ಥೆಯ ಈ ವರ್ಷದ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ. ಇರಲಿ, ಪಟ್ಟಿ ಎಲ್ಲಿಯವರೆಗೆ ಬೆಳೆಸೋದು. ಸೆಪ್ಟ್ರಾನ್‌ಗೂ ಬಗ್ಗದ ತಳಿಗಳು ಬೇರೆ ಕಡೆ ಬಂದಿವೆ ಅನ್ನೋದೇ ನನ್ನ ತಲೆಬಿಸಿ. ಇವತ್ತು ನಮ್ಮ ಪುಣ್ಯ.

ಐಸಿಯು ಸಿಂಕ್, ನಲ್ಲಿಗಳ ಸ್ವ್ಯಾಬ್ ಕಳಿಸಿ ಅಂತ ಸಿಸ್ಟರಿಗೆ ಹೇಳಿದೆ. "ನಲ್ಲಿ ನಮ್ಮದಲ್ಲ ಮೇಡಂ, ಪ್ಲಂಬರ್‌ದು" ಅಂದರು. ನಗಬೇಕೋ ಜಗಳ ಆಡಬೇಕೋ. ಕೊನೆಗೆ ನಾನೇ ಹೋಗಿ ತಗೊಂಡು ಬಂದೆ. ನಾಳೆ ಪ್ಲೇಟಲ್ಲಿ ಇದೇ ಬಂದರೂ, ಅಜ್ಜಿಗೆ ಅಲ್ಲಿಂದಲೇ ಬಂತು ಅಂತ ಹೇಗೆ ಹೇಳೋದು? ಜಾತಿ ಒಂದೇ ಆದರೆ ತಳಿ ಒಂದೇ ಆಗಬೇಕಂತಿಲ್ಲ. ಜೀನೋಮ್ ನೋಡಿಸಬೇಕು, ಅದಕ್ಕೆ ಹೊರಗೆ ಕಳಿಸಬೇಕು, ದುಡ್ಡು ಯಾರ ಬಜೆಟ್ಟಿಂದ ಅಂತ ಕೇಳ್ತಾರೆ. ಅಥವಾ ಸುಮ್ನೆ ನಲ್ಲಿಗಳನ್ನೇ ಬದಲಾಯಿಸಿ ಅಂತ ಬರೆದುಬಿಡಲಾ