ಒಂದು ದೀರ್ಘದ ವ್ಯತ್ಯಾಸ

ಬೆಳಗ್ಗೆ ಕಾಫಿ ಹಿಡಿದುಕೊಂಡು ಗ್ರೀಕ್ ಪಾಠಕ್ಕೆ ಕೂತೆ. ಹಳೇ ಗ್ರೀಕ್. ಒಂದೇ ಸಾಲಿಗೆ ಅರ್ಧ ಗಂಟೆ ಹೋಯಿತು.

ಮೊದಲ ಪದ ‘ಆರ’. ನಾನು ‘ಅರ’ ಅಂತ ಓದಿದೆ. ‘ಅರ’ ಅಂದರೆ ‘ಹಾಗಾದರೆ’. ‘ಆರ’ ಅಂದರೆ ಮುಂದೆ ಬರುವುದೆಲ್ಲ ಪ್ರಶ್ನೆ. ‘ಅರ’ ಸಾಮಾನ್ಯವಾಗಿ ವಾಕ್ಯದ ಶುರುವಿಗೆ ಬರುವುದೇ ಇಲ್ಲ, ಅದಾದರೂ ಹೊಳೆಯಬೇಕಿತ್ತು.

ಸಾಲಿನ ಕೊನೆಯಲ್ಲಿ ಅರ್ಧವಿರಾಮ (;) ಬೇರೆ. ಮಾತು ಇನ್ನೂ ಮುಗಿದಿಲ್ಲ ಅಂದುಕೊಂಡು ಮುಂದಿನ ಸಾಲಿಗೆ ಹೋಗಿಬಿಟ್ಟೆ. ಗ್ರೀಕಿನಲ್ಲಿ ಅದೇ ಪ್ರಶ್ನೆ ಚಿಹ್ನೆಯಂತೆ!

ಅದೂ ಆಮೇಲೆ ಬಂದಿದ್ದು. ಆ ಕಾಲದವರು ಪದಗಳ ನಡುವೆ ಜಾಗ ಕೂಡ ಬಿಡದೆ ಬರೆಯುತ್ತಿದ್ದರು. ಎಷ್ಟೋ ಸಲ ‘ಆರ’ ಕೂಡ ಇರುವುದಿಲ್ಲ. ಸಂದರ್ಭ ನೋಡಿ ಪ್ರಶ್ನೆ ಅಂತ ತಿಳಿದುಕೊಳ್ಳಬೇಕು, ಅಷ್ಟೇ.

ಇಷ್ಟವಾಗಿದ್ದು ಇದು: ‘ಆರ’ ಜೊತೆ ‘ಅಲ್ಲ’ ಅನ್ನೋ ಅರ್ಥದ ‘ಊ’ ಸೇರಿದರೆ ಕೇಳುವವನಿಗೆ ‘ಹೌದು’ ಅನ್ನೋ ಉತ್ತರ ಬೇಕು. ನಮ್ಮ ‘ಅಲ್ವಾ’ ಥರ. ‘ಅಲ್ಲ’ ಅನ್ನೋಕೆ ಇರುವ ಇನ್ನೊಂದು ಪದ ‘ಮೇ’ ಸೇರಿದರೆ ‘ಇಲ್ಲ ತಾನೇ?’ ಅಂದ ಹಾಗೆ.

ನಗು ಬಂತು. ನಮ್ಮಲ್ಲೂ ‘ಹೌದು’ ಅನ್ನೋದು ‘ಹೌದಾ’ ಆಗೋಕೆ ಒಂದು ದೀರ್ಘ ಸಾಕು. ಅವರದು ಮೊದಲಲ್ಲಿ, ನಮ್ಮದು ಕೊನೆಯಲ್ಲಿ.

ಅಷ್ಟರಲ್ಲಿ ಕಾಫಿ ಆರಿತ್ತು. ಇದು ಪ್ರಶ್ನೆಯಲ್ಲ.